ಬೆರಳಿಟ್ಟು ತೋರಿಸಬೇಕಾದ ಮಾತು

ತೆಲಂಗಾಣದ ಗಡಿಯೂರು ಮಕ್ತಲದ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಅತಿಥಿಯಾಗಿ ಮೈಕಿನ ಮುಂದೆ ನಿಂತು ನಾನು ಒಂದು ಮಾತಾಡಿದೆ. ಅದು ಹೊಗಳಿಕೆಯ ಮಾತು. ಮೂರು ವಾರಗಳ ಮಟ್ಟಿಗೆ ಅಷ್ಟು ಮಾತ್ರ ನನಗೆ ಖಚಿತವಾಗಿ ಗೊತ್ತಿತ್ತು. ಆಮೇಲೆ ಒಂದು ಶುಕ್ರವಾರ, ಆ ಮಾತಿನ ದೆಸೆಯಿಂದ ಒಬ್ಬ ಹುಡುಗಿ ಕೆಲಸ ಬಿಡುತ್ತಿದ್ದಾಳೆ ಎಂದು ಗೊತ್ತಾಯಿತು.

ಹೇಳಿದವರು ಅವಳ ತಂದೆ. ನಾರಾಯಣಪೇಟೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಾರೆ. ನಮ್ಮ ಮನೆಯ ಮಗ್ಗಗಳು ನಡೆಯುತ್ತಿದ್ದ ಕಾಲದುದ್ದಕ್ಕೂ ಅವುಗಳ ಮೇಲೆ ಏರಿದ್ದು ಅವರ ಬಣ್ಣವೇ. ನಾನು ಅವರನ್ನು ಭಾಯಿ ಎನ್ನುತ್ತೇನೆ; ಮೇಷ್ಟರ ಕೆಲಸ ಮಾಡಿದ ನನ್ನನ್ನು ಅವರು ಮಾಸ್ತರ ಎನ್ನುತ್ತಾರೆ. ಅವರ ಹಿರಿಯರನ್ನು ಸಂಸ್ಥಾನದ ಕಾಲದಲ್ಲಿ ಆಫ್ರಿಕಾದಿಂದ ಕುದುರೆ ಸವಾರರನ್ನಾಗಿ ತಂದಿದ್ದರು. ಸಂಸ್ಥಾನ ಹೋಯಿತು, ಕುದುರೆಗಳು ಹೋದವು. ಊರಿನವರ ಬಾಯಲ್ಲಿ ‘ಹಬಶಿ’ ಎಂಬ ಹೆಸರು ಮಾತ್ರ ಉಳಿಯಿತು. ಆ ಮನೆತನದಲ್ಲಿ ಶಾಲೆಯ ಮೇಷ್ಟರ ಕುರ್ಚಿಯಲ್ಲಿ ಕುಳಿತ ಮೊದಲಿಗಳು ಈ ಹುಡುಗಿ. ಮಕ್ತಲದ ಶಾಲೆಯಲ್ಲಿ ಹತ್ತನೆಯ ತರಗತಿಗೆ ಕನ್ನಡದಲ್ಲಿ ಗಣಿತ ಹೇಳುತ್ತಾಳೆ. ಕೆಲಸ ಇನ್ನೂ ಕಾಯಂ ಅಲ್ಲ. ಅಲ್ಲಿ ಅವಳನ್ನು ಸೇರಿಸಲು ಓಡಾಡಿದವನು ನಾನೇ. ಇದನ್ನು ಇಲ್ಲಿ ಬರೆಯುವಾಗಲೇ ನನ್ನ ಪರವಾಗಿ ಒಂದು ಸಾಕ್ಷಿ ಸೇರಿಸಿದಂತಾಗುತ್ತಿದೆ. ಇರಲಿ, ಅದೂ ನಿಜವೇ.

ಆ ಸಂಜೆ ಭಾಯಿ ಕುದಿಯುವ ಹಂಡೆಯ ಮುಂದೆ ಕುಳಿತು, ಕೋಲಿಗೆ ಹಾಕಿದ ನೂಲಿನ ಲಡಿಯನ್ನು ಬಣ್ಣದ ನೀರಲ್ಲಿ ಮುಳುಗಿಸಿ ತಿರುವುತ್ತಿದ್ದರು.

“ಮಗಳು ಇನ್ನೂ ಬಂದಿಲ್ಲೇನು?” ಎಂದು ಕೇಳಿದೆ. ಶುಕ್ರವಾರ ಅವಳು ಬೇಗ ಬರುತ್ತಾಳೆ.

“ಗದ್ವಾಲಕ್ಕ ಹೋಗ್ಯಾಳ, ಅವರ ಖಾಲಾನ ಮನಿಗೆ. ಸೋಮವಾರ ಸೀದಾ ಸಾಲಿಗೆ ಹೋಗಿ ಕಾಗದ ಕೊಡ್ತಾಳಂತ.”

“ಏನ್ ಕಾಗದ?”

“ನೌಕರಿ ಬ್ಯಾಡಂತ.”

ನಾನು ಯಾಕೆ ಎಂದೆ. ಅವರು ಲಡಿಯನ್ನು ಮೇಲೆತ್ತಿ, ನೀರು ಸೋರುವುದನ್ನು ನೋಡುತ್ತ, “ಹಾಲು” ಅಂದರು.

ಉಳಿದದ್ದನ್ನು ತುಣುಕು ತುಣುಕಾಗಿ ಹೇಳಿದರು. ವಾರ್ಷಿಕೋತ್ಸವದ ಮರುದಿನದಿಂದ ಅವಳು ತರಗತಿಗೆ ಹೋದರೆ ಹಿಂದಿನ ಬೆಂಚುಗಳಿಂದ ‘ಹಾಲು ಟೀಚರ್’ ಎಂಬ ಪಿಸುಮಾತು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಹಾಲು’. ಒಂದು ದಿನ ಟೇಬಲಿನ ಮೇಲೆ ಹಾಲಿನ ಪ್ಯಾಕೆಟ್. ಅವಳು ಸಮೀಕರಣ ಬರೆಯಲು ಆ ಕಡೆ ತಿರುಗಿದರೆ ಬೆನ್ನ ಹಿಂದೆ ನಗು. ಹೆಡ್‌ಮಾಸ್ತರ ಹತ್ತಿರ ಹೋದರೆ ಅವರು, ಹಾಲು ಅಂದರೆ ಬೈಗುಳವೇ ಎಂದು ಕೇಳಿದರಂತೆ.

“ನಾ ಏನಂದಿದ್ದೆ ಭಾಯಿ? ಮನಸ್ಸು ಹಾಲಿನಂಗ ಐತಿ ಅಂದಿದ್ದೆ.”

“ಹೌದ್ರಿ ಮಾಸ್ತರ. ನಿಮ್ಮ ದಿಲ್ ನನಗ ಗೊತ್ತಿಲ್ಲೇನು? ನಾನೂ ಅಲ್ಲೇ ಕುಂತಿದ್ದೆ. ಚಪ್ಪಾಳಿ ಹೊಡದೆ.” ಕೋಲನ್ನು ಹಂಡೆಯ ಅಂಚಿಗೆ ಒರಗಿಸಿ ಅಂದರು: “ನಿಮ್ಮಪ್ಪ ನನ್ನ ಜಿಂದಗಿ ಪೂರಾ ಕರಿಭಾಯಿ ಅಂತ ಕರದ್ರು. ಪ್ರೀತಿಲೇ ಕರದ್ರು. ನಾ ಓ ಅಂತಿದ್ದೆ. ಈಕಿ ಓ ಅನ್ನೂದಿಲ್ಲಂತಾಳ.”

“ನಿಮಗ ಬ್ಯಾಸರ ಆಗ್ತಿತ್ತೇನು?”

“ಓ ಅನ್ನೂದೊಂದು ರೂಢಿ ಮಾಸ್ತರ,” ಎಂದು ಅವರು ಮತ್ತೆ ಲಡಿ ಮುಳುಗಿಸಿದರು.

ಆ ರಾತ್ರಿ ನಾನು ಆ ದಿನದ ವೇದಿಕೆಯನ್ನು ನೆನಪಿನಲ್ಲಿ ಮತ್ತೆ ಕಟ್ಟಿದೆ. ಬಿಸಿಲು ಇಳಿದಿತ್ತು. ನಾನು ಅವಳನ್ನು ಮುಂದೆ ಕರೆದೆ. ಅವಳು ತಂದೆ ಬಣ್ಣ ಹಾಕಿದ ನೂಲಿನ ಕುಂಕುಮ ಬಣ್ಣದ ನಾರಾಯಣಪೇಟೆ ಸೀರೆ ಉಟ್ಟಿದ್ದಳು. ನಾನು ಆ ಮಾತು ಹೇಳಿದೆ. ಅವಳು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ನೆನಪಿನಲ್ಲಿ ಒಂದು ಬಿರುಕೂ ಇರಲಿಲ್ಲ. ಅದೇ ನನಗೆ ಅನುಮಾನ ತರಬೇಕಿತ್ತು. ಇಷ್ಟು ಅಚ್ಚುಕಟ್ಟಾಗಿ ನನಗೆ ನನ್ನ ಮದುವೆಯೂ ನೆನಪಿಲ್ಲ. ಆದರೆ ಆ ರಾತ್ರಿ ನನಗೆ ಬೇಕಾದದ್ದು ಅನುಮಾನವಲ್ಲ. ಅವಳು ನಕ್ಕಿದ್ದಳು ಎಂಬುದು ಬೇಕಿತ್ತು. ಅದನ್ನು ಹಿಡಿದುಕೊಂಡು ಮಲಗಿದೆ.

ಶನಿವಾರ ಬೆಳಿಗ್ಗೆ ಗದ್ವಾಲಕ್ಕೆ ಹೊರಟೆ. ಮಕ್ತಲದಲ್ಲಿ ಬಸ್ಸು ಬದಲಿಸಿ, ಕಿಟಕಿಯ ಪಕ್ಕ ಕುಳಿತು ಹೇಳಬೇಕಾದ್ದನ್ನು ಜೋಡಿಸತೊಡಗಿದೆ. ನನ್ನ ಉದ್ದೇಶ ಒಳ್ಳೆಯದಿತ್ತು. ಮಕ್ಕಳು ಅದನ್ನು ಕೆಡಿಸಿದರು. ಮಕ್ಕಳ ತಪ್ಪಿಗೆ ನೀನು ಕೆಲಸ ಬಿಡಬೇಡ. ಮೂರು ವಾಕ್ಯಗಳು ಒಂದರ ಹಿಂದೊಂದು ಸರಿಯಾಗಿ ಕೂತವು. ಜೂರಾಲ ಅಣೆಕಟ್ಟಿನ ಹತ್ತಿರ ಬಸ್ಸಿನೊಳಗೆ ಹುರಿದ ಮೀನಿನ ವಾಸನೆ ನುಗ್ಗಿತು. ಯಾರೋ ಇಳಿದರು, ಯಾರೋ ಹತ್ತಿದರು. ನಾನು ನನ್ನ ಮೂರು ವಾಕ್ಯಗಳನ್ನು ತುಟಿಯಲ್ಲೇ ತಿರುಗಿಸುತ್ತಿದ್ದೆ. ಕೃಷ್ಣೆಯನ್ನು ದಾಟಿದ್ದು ನನಗೆ ತಿಳಿಯಲಿಲ್ಲ.

ಬಾಗಿಲು ತೆರೆದವರು ಅವಳ ಚಿಕ್ಕಮ್ಮ. ಹುಡುಗಿ ಒಳಗೆ ಚಾಪೆಯ ಮೇಲೆ ಕುಳಿತು, ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಳು. ಕೆಲಸ ಬಿಡುವವಳು ಪತ್ರಿಕೆ ತಿದ್ದುತ್ತಾಳೆಯೇ ಎಂದು ನನಗೆ ಆಸೆ ಹುಟ್ಟಿತು.

“ಬರ್ರಿ ಸರ್,” ಅಂದಳು.

ಮಗುವಾಗಿದ್ದಾಗಿನಿಂದ ನಾನು ಅವಳಿಗೆ ಕಾಕಾ. ತಂದೆಯ ಜೊತೆ ನೂಲು ತಂದು ನಮ್ಮ ಪಡಸಾಲೆಯಲ್ಲಿ ಕೂತಾಗಲೂ ಕಾಕಾ, ಪದವಿ ಮುಗಿಸಿ ಮಿಠಾಯಿ ತಂದಾಗಲೂ ಕಾಕಾ. ಈ ‘ಸರ್’ ನನ್ನ ಮೂರು ವಾಕ್ಯಗಳಲ್ಲಿ ಮೊದಲನೆಯದನ್ನು ಅಲ್ಲೇ ಕೆಡವಿತು. ಆದರೂ ಹೇಳಿದೆ:

“ನನ್ನ ಮನಸ್ಸಿನ್ಯಾಗ ಏನಿತ್ತಂತ ನಿನಗ ಗೊತ್ತೈತಲ್ಲ?”

“ಗೊತ್ತೈತ್ರಿ.”

“ಹಂಗಾದ್ರ?”

“ನಿಮ್ಮ ಮನಸು ಅವತ್ತೇ ನಿಮ್ಮ ಜೋಡಿ ಬಸ್ ಹತ್ತಿ ನಾರಾಯಣಪೇಟಿಗೆ ಹೋತು. ಮಾತು ಸಾಲಿಯೊಳಗ ಉಳೀತು. ದಿನಾ ಕ್ಲಾಸಿಗೆ ಹೋಗೂದು ನಾನು, ಅದರ ಮುಂದ ನಿಂದ್ರೂದು ನಾನು.”

ಚಿಕ್ಕಮ್ಮ ಚಹಾ ತಂದಿಟ್ಟರು. “ಮಾಸ್ತರ್ ಏನ್ ಬೈದಿಲ್ಲಲ್ಲ ಬೇಟಿ,” ಅಂದರು.

“ಬೈದಿದ್ರ ಚಲೋ ಇತ್ತು ಖಾಲಾ. ತಿರುಗಿ ಬೈತಿದ್ದೆ. ಹೊಗಳಿದವರಿಗೆ ಏನನ್ನಲಿ? ಹೊಗಳ್ಯಾರ, ನನಗ ಉರಿ ಬಿದ್ದೈತಿ ಅಂದ್ರ ಯಾರ್ ಕೇಳ್ತಾರ? ಹೆಡ್‌ಮಾಸ್ತರು ಕೇಳ್ತಾರ, ಹಾಲಿನೊಳಗ ಏನ್ ತಪ್ಪೈತಿ ತೋರ್ಸಮ್ಮಾ ಅಂತ. ಏನ್ ತೋರ್ಸಲಿ?”

“ನಾ ಬಂದು ಮಕ್ಕಳಿಗೆ ಹೇಳ್ತೀನಿ,” ಅಂದೆ. “ಸೋಮವಾರ ಪ್ರಾರ್ಥನಾದಾಗ, ಎಲ್ಲಾರ ಮುಂದ.”

“ಏನಂತ ಹೇಳ್ತೀರಿ?”

“ನನ್ನ ಉದ್ದೇಶ ಅದಾಗಿದ್ದಿಲ್ಲ ಅಂತ—”

“ಅದು ಬ್ಯಾಡ್ರಿ. ಅವತ್ತು ಏನಂದ್ರಿ, ಅದನ್ನ ಅನ್ರಿ.”

ನನಗೆ ಅರ್ಥವಾಗಲಿಲ್ಲ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

“ಈಗ ಅನ್ರಿ. ಇಲ್ಲೇ. ಅವತ್ತಿನ ಮಾತು.”

ನಾನು ಅಂದೆ: “ಬಣ್ಣ ಯಾವುದಾದರೇನು, ಈಕಿ ಮನಸು ಹಾಲಿನಂಗ.”

“ಅದಲ್ರಿ.”

“ಬಣ್ಣ ಕಪ್ಪಿದ್ರೂ ಮನಸು…”

“ಅದೂ ಅಲ್ಲ.”

ಇನ್ನೊಂದು ಸಲ ಯತ್ನಿಸಿದೆ. ಪ್ರತಿ ಸಲವೂ ಮಾತು ಬಾಯಿಗೆ ಬರುವ ಹೊತ್ತಿಗೆ ಇನ್ನಷ್ಟು ನುಣುಪಾಗಿರುತ್ತಿತ್ತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಲೆಕ್ಕದ ಎರಡನೆಯ ಸಾಲಿನಲ್ಲೇ ತಪ್ಪಿದ ವಿದ್ಯಾರ್ಥಿ ಎಲ್ಲಿಯವರೆಗೆ ಹೋಗುತ್ತಾನೆಂದು ನೋಡುವ ಹಾಗೆ.

“ನನಗ ನೆನಪಾಗವಲ್ದು,” ಅಂದೆ.

“ನನಗೈತಿ. ಆದ್ರ ನಾ ಹೇಳಂಗಿಲ್ಲ. ನಿಮ್ಮ ಮನಿ ಪಡಸಾಲಿಯೊಳಗ ಬ್ಯಾರೇವ್ರು ಬೆರಳು ಇಡ್ತಿದ್ರೇನು?”

ಇದನ್ನು ಬಿಡಿಸಿ ಹೇಳಬೇಕು. ನನ್ನ ಅಪ್ಪನ ಕೈಕೆಳಗೆ ಎಂಟು ಮಗ್ಗಗಳಿದ್ದವು. ನೇಯ್ದು ಮುಗಿದ ಸೀರೆಯನ್ನು ಪಡಸಾಲೆಯ ಗಳದ ಮೇಲೆ, ಬೆಳಕಿಗೆ ಅಡ್ಡವಾಗಿ ಹರಡುತ್ತಿದ್ದರು. ಎಲ್ಲೋ ಒಂದು ಎಳೆ ತಪ್ಪಿದ್ದರೆ ಅಪ್ಪನ ಕಣ್ಣಿಗೆ ತಕ್ಷಣ ಬೀಳುತ್ತಿತ್ತು. ಆದರೆ ಅವನು ಹೇಳುತ್ತಿರಲಿಲ್ಲ. ನೇಯ್ದವನೇ ಹುಡುಕಿ, ಆ ಜಾಗದ ಮೇಲೆ ಬೆರಳಿಟ್ಟು, ಉಳಿದ ನೇಕಾರರ ಮುಂದೆ, “ಇಲ್ಲಿ ತಪ್ಪೈತಿ” ಅನ್ನಬೇಕು. ಅಷ್ಟೇ. ಕೂಸು ಅಳುತ್ತಿತ್ತು, ಬೆಳಕಿರಲಿಲ್ಲ, ಕಣ್ಣು ಮಂಜಾಗಿತ್ತು, ಏನೂ ಹೇಳುವಂತಿಲ್ಲ. ಯಾರಾದರೂ ಬಾಯಿ ತೆರೆದರೆ ಅಪ್ಪ ಅನ್ನುತ್ತಿದ್ದ, “ಕಾರಣ ಸೀರಿ ಮ್ಯಾಲ ಕಾಣೂದಿಲ್ಲ.” ಬೆರಳಿಟ್ಟ ಮೇಲೆ ಅದರ ಬಗ್ಗೆ ಯಾರೂ ಮತ್ತೆ ಮಾತಾಡುತ್ತಿರಲಿಲ್ಲ. ಕ್ಷಮೆಯೂ ಇರಲಿಲ್ಲ. ಆ ಸೀರೆ ಅಂಗಡಿಗೆ ಹೋಗದೆ ಮನೆಯಲ್ಲೇ ಉಳಿಯುತ್ತಿತ್ತು. ನನ್ನ ಅವ್ವ ಜೀವಮಾನವಿಡೀ ಉಟ್ಟದ್ದು ಅಂಥ ಸೀರೆಗಳನ್ನೇ.

ಆ ಪಡಸಾಲೆಯ ಮೂಲೆಯಲ್ಲಿ ನೂಲಿನ ಗಂಟಿನ ಪಕ್ಕ ಈ ಹುಡುಗಿ ಕೂತು ನೋಡುತ್ತಿದ್ದಳು. ನಾನು ಆ ಮನೆಯಲ್ಲಿ ಹುಟ್ಟಿದವನು. ಮಗ್ಗಕ್ಕೆ ಕೂರದೆ ಓದಲು ಹೋದದ್ದರಿಂದ ಒಮ್ಮೆಯೂ ಬೆರಳಿಟ್ಟವನಲ್ಲ. ಅಪ್ಪನ ಆ ಮಾತನ್ನು ಎಷ್ಟೋ ಭಾಷಣಗಳಲ್ಲಿ ಹೇಳಿದ್ದೇನೆ. ಗದ್ವಾಲಕ್ಕೆ ಮಾತ್ರ ಮೂರು ಕಾರಣ ಕಟ್ಟಿಕೊಂಡು ಬಂದಿದ್ದೆ.

“ನಾ ಹಂಗ ಬೆರಳಿಟ್ರ ನೀ ಕಾಗದ ಕೊಡಂಗಿಲ್ಲಾ?” ಎಂದು ಕೇಳಿದೆ.

“ಅಂತ ನಾ ಅಂದಿಲ್ಲ,” ಎಂದು ಅವಳು ಮುಂದಿನ ಪತ್ರಿಕೆ ಎತ್ತಿಕೊಂಡಳು.

ಭಾನುವಾರ ಮಕ್ತಲದಲ್ಲಿ ಹೆಡ್‌ಮಾಸ್ತರ ಮನೆ ಹುಡುಕಿಕೊಂಡು ಹೋದೆ. ವಾರ್ಷಿಕೋತ್ಸವದ ವಿಡಿಯೋ ಅವರ ಫೋನಿನಲ್ಲಿತ್ತು. ತೆಲುಗು ಮನೆಮಾತಿನ ಒಳ್ಳೆಯ ಮನುಷ್ಯ. “ಅದೇಂ ಪೆದ್ದ ವಿಷಯಂ ಕಾದು ಸಾರ್,” ಅಂದರು, ದೊಡ್ಡ ವಿಷಯವೇನಲ್ಲ ಎಂದು ನನ್ನ ಮಂಡಿ ತಟ್ಟಿ. “ಮಕ್ಕಳು ಅಂದ ಮ್ಯಾಲ ನಗ್ತಾರ. ಮೇಡಂಗ ಸ್ವಲ್ಪ ಸೂಕ್ಷ್ಮ ಜಾಸ್ತಿ. ನೀವು ಎಷ್ಟು ಪ್ರೀತಿಲೆ ಮಾತಾಡೀರಿ, ನೋಡ್ರಿ ಬೇಕಾದ್ರ.” ಫೋನನ್ನು ನನ್ನ ಕೈಗಿತ್ತು ಒಳಗೆ ಹೋದರು.

ಮೊದಲು ಕಂಡದ್ದು ನನ್ನ ಬೋಳು ತಲೆ. ಬಿಸಿಲು ಇಳಿದಿರಲಿಲ್ಲ. ಸುಡುತ್ತಿತ್ತು, ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡಿದ್ದರು. ಅವಳ ಸೀರೆ ಕುಂಕುಮ ಬಣ್ಣದ್ದಲ್ಲ, ಹಸಿರು. ನಾನು ಅವಳನ್ನು ಕರೆಯುತ್ತೇನೆ. ಅವಳು ನಗುತ್ತ ಮುಂದೆ ಬರುತ್ತಾಳೆ. ಅಂದರೆ ನಗು ಮಾತಿಗಿಂತ ಮೊದಲೇ ಬಂದಿತ್ತು, ಹೆಸರು ಕರೆದದ್ದಕ್ಕೆ. ಆಮೇಲೆ ನಾನು ಮೈಕಿಗೆ ಬಾಯಿ ತಂದು ಅನ್ನುತ್ತೇನೆ:

“ಮಕ್ಕಳ್ರ್ಯಾ, ಈ ಟೀಚರ್ ನೋಡಿ ಅಂಜಬ್ಯಾಡ್ರಿ.”

ಇಲ್ಲಿ ನಾನು ನಿಲ್ಲುತ್ತೇನೆ. ಎಡಗೈ ಮೇಲೆತ್ತಿ, ಅಂಗೈ ತೆರೆದು, ಕಾಯುತ್ತೇನೆ. ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹೋಗಿ ವೇದಿಕೆಯ ಗಣ್ಯರವರೆಗೂ ಬರುತ್ತದೆ. ಅದು ತುಂಬಿದ ಮೇಲೆ ಕೈ ಇಳಿಸಿ ಮುಂದುವರಿಸುತ್ತೇನೆ:

“ನಮ್ಮ ಹಬಶಿ ಹುಡುಗಿ ಈಕಿ. ಮ್ಯಾಲ ಕಪ್ಪು, ಒಳಗ ಹಾಲಿನಂಗ ಬೆಳ್ಳಗ.”

ಚಪ್ಪಾಳೆ. ಮೂರನೆಯ ಸಾಲಿನಲ್ಲಿ ಭಾಯಿಯ ಎರಡು ಕೈಗಳು ತಲೆಗಿಂತ ಎತ್ತರಕ್ಕೆ ಎದ್ದು ಚಪ್ಪಾಳೆ ತಟ್ಟುತ್ತಿವೆ. ಅವಳ ಮುಖದಲ್ಲಿ ಮೊದಲಿನ ಆ ನಗು ಇನ್ನೂ ಇದೆ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿದೆ.

ಹಿಂದಕ್ಕೆ ಸರಿಸಿ ಮತ್ತೆ ನೋಡಿದೆ. ಮಾತಿಗಿಂತ ಹೆಚ್ಚಾಗಿ ಆ ಕೈಯನ್ನು. ನನ್ನ ಉದ್ದೇಶ ಒಳ್ಳೆಯದಿತ್ತು ಎಂದು ಎರಡು ದಿನದಿಂದ ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ಆ ಉದ್ದೇಶದಲ್ಲಿ ಈ ಕೈ ಎಲ್ಲಿತ್ತು? ಹೊಗಳುವ ಮನಸ್ಸಿತ್ತು, ಸುಳ್ಳಲ್ಲ. ಅದರ ಪಕ್ಕದಲ್ಲೇ, ಅಷ್ಟೇ ಎತ್ತರವಾಗಿ, ಸಭೆಯನ್ನು ನಗಿಸುವ ಮನಸ್ಸೂ ಇತ್ತು. ಅದಕ್ಕೆ ಅವಳ ಮೈಬಣ್ಣ ಕೈಗೆ ಸಿಕ್ಕ ಸುಲಭದ ಸಾಮಾನು. ಆಮೇಲೆ ನೆನಪು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹೊರಗೆ ಹಾಕಿ, ಉಳಿದದ್ದಕ್ಕೆ ಉದ್ದೇಶ ಎಂದು ಹೆಸರಿಟ್ಟಿತು. ಸೀರೆಯ ಬಣ್ಣವನ್ನೂ ತನಗೆ ಬೇಕಾದಂತೆ ಬದಲಿಸಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. “ನಗ್ಸಾಕ ನಿಮಗ ಮೊದಲಿಂದಾನು ಭಾಳ ಹುಚ್ಚು,” ಅಂದಳು. “ನನ್ನ ಉಬ್ಬಹಲ್ಲಿನ ಮ್ಯಾಲ ಎಷ್ಟು ಸಭಾ ನಗ್ಸೀರಿ.”

ಅದು ನನಗೆ ನೆನಪಿರಲಿಲ್ಲ.

ಸೋಮವಾರ ಶಾಲೆ ತಲುಪಿದಾಗ ಮಕ್ಕಳು ಸಾಲುಗಟ್ಟುತ್ತಿದ್ದರು. ಶಿಕ್ಷಕರ ಸಾಲಿನ ತುದಿಯಲ್ಲಿ ಅವಳು, ಕೈಯಲ್ಲಿ ಹಾಜರಿ ಪುಸ್ತಕ. ಪುಸ್ತಕದ ನಡುವಿನಿಂದ ಒಂದು ಬಿಳಿ ಲಕೋಟೆಯ ಅಂಚು ಹೊರಗೆ ಕಾಣುತ್ತಿತ್ತು. ಪ್ರಾರ್ಥನೆ ಮುಗಿಯಿತು. ಹೆಡ್‌ಮಾಸ್ತರು, ಹಿರಿಯರು ಬಂದಿದ್ದಾರೆ, ಎರಡು ಒಳ್ಳೆಯ ಮಾತು ಹೇಳುತ್ತಾರೆ ಎಂದು ಮೈಕು ಕೊಟ್ಟರು.

“ವಾರ್ಷಿಕೋತ್ಸವದ ದಿನ ನಿಮ್ಮ ಗಣಿತದ ಟೀಚರ್ ಬಗ್ಗೆ ನಾ ಒಂದು ಮಾತು ಅಂದಿದ್ದೆ,” ಎಂದು ಶುರು ಮಾಡಿದೆ. “ಅದು ಹಿಂಗಿತ್ತು.” ಬಾಯಿಪಾಠ ಮಾಡಿದ್ದನ್ನು ಹೇಳಿದೆ. “ಮಕ್ಕಳ್ರ್ಯಾ, ಈ ಟೀಚರ್ ನೋಡಿ ಅಂಜಬ್ಯಾಡ್ರಿ.”

ಉಸಿರು ತೆಗೆದುಕೊಳ್ಳಲು ನಿಂತೆ. ಅಲ್ಲೇ ಮಕ್ಕಳು ನಕ್ಕರು. ಅದೇ ಜಾಗದಲ್ಲಿ, ಅದೇ ರೀತಿ, ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ. ನಾನು ಅವಳತ್ತ ನೋಡಲಿಲ್ಲ. ನೋಡಿದ್ದರೆ ಉಳಿದದ್ದು ಬರುತ್ತಿರಲಿಲ್ಲ. ಹಬಶಿ ಎಂಬುದನ್ನೂ, ಕಪ್ಪು ಎಂಬುದನ್ನೂ, ಹಾಲು ಎಂಬುದನ್ನೂ ಹೇಳಿದೆ. ಹಾಲಿಗೆ ನಗು ಇನ್ನೂ ಜೋರಾಯಿತು.

“ಇಲ್ಲಿ ತಪ್ಪೈತಿ,” ಅಂದೆ. “ನೀವು ನಗಲಿ ಅಂತ ನಾ ಕೈ ಎತ್ತಿ ನಿಂತಿದ್ದೆ. ಅದೂ ನನ್ನ ತಪ್ಪು.”

ಮುಂದಿನ ವಾಕ್ಯ ಗಂಟಲಿನಲ್ಲಿ ಸಿದ್ಧವಾಗಿತ್ತು. ‘ಆದರೆ ನನ್ನ ಮನಸ್ಸಿನಲ್ಲಿ’ ಎಂದು ಶುರುವಾಗುವ ವಾಕ್ಯ. ಅದನ್ನು ನುಂಗಲು ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ. ಹೆಡ್‌ಮಾಸ್ತರು ಕೆಮ್ಮಿದರು. ನಗು ಅಲ್ಲಲ್ಲಿ ಹರಿದು, ಪೂರ್ತಿ ನಿಲ್ಲದೆ, ತಗ್ಗಿತು.

ಹತ್ತನೆಯ ತರಗತಿಯ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. “ಸರ್, ಹಾಲು ಅಂದ್ರ ಚಲೋ ಮಾತಲ್ಲೇನ್ರಿ?” ಅವಳ ಮುಖದಲ್ಲಿ ಕೀಟಲೆ ಇತ್ತೋ ನಿಜವಾದ ಪ್ರಶ್ನೆಯಿತ್ತೋ, ನಾನು ಆಣೆ ಮಾಡಿ ಹೇಳಲಾರೆ.

ಉತ್ತರ ಶಿಕ್ಷಕರ ಸಾಲಿನ ತುದಿಯಿಂದ ಬಂತು.

“ಚಲೋ ಮಾತಿದ್ರ ನಾ ಬೋರ್ಡಿನ ಕಡಿ ತಿರುಗೂದನ್ನ ಯಾಕ ಕಾಯ್ತೀರಿ? ನನ್ನ ಮಾರಿ ನೋಡಿ ಅನ್ರಿ.”

ಮೈಕಿಲ್ಲದೆ ಹೇಳಿದಳು. ಹಿಂದಿನ ಸಾಲಿಗೂ ಕೇಳಿಸಿತು. ಕೈ ಎತ್ತಿದ್ದ ಹುಡುಗಿ ಕೈ ಇಳಿಸಿದಳು. ಗಂಟೆ ಹೊಡೆಯಿತು.

ವರಾಂಡದಲ್ಲಿ ಅವಳನ್ನು ಮಾತಿಗೆ ನಿಲ್ಲಿಸಿದೆ. ಹಾಜರಿ ಪುಸ್ತಕದ ಕಡೆ ಕಣ್ಣು ಹೋಗುವುದನ್ನು ತಡೆಯಲಾಗಲಿಲ್ಲ.

“ಇವತ್ತು ಕೊಡಂಗಿಲ್ಲ,” ಅಂದಳು.

“ನಾಳೆ?”

“ನಾಳೆ ಟೇಬಲ್ ಮ್ಯಾಲ ಏನಿರತೈತಿ ನೋಡಿ ಹೇಳ್ತೀನಿ.”

ನಾನು ಅವಳ ಹಿಂದೆ ತರಗತಿಯ ಬಾಗಿಲವರೆಗೂ ಹೋದೆ. ಒಳಗೆ ಬೆಂಚುಗಳನ್ನು ಎಳೆದಾಡುವ ಸದ್ದು. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಅದು ತಟ್ಟನೆ ನಿಂತಿತು. ನನಗೆ ಒಂದು ಕ್ಷಣ ಸಮಾಧಾನವಾಯಿತು. ಅದು ಅವಳ ಕಣ್ಣಿಗೆ ಬಿತ್ತು.

“ನೀವು ಹೋಗ್ರಿ ಸರ್,” ಅಂದಳು. “ನೀವು ನಿಂತ್ರ ನಿಮ್ಮನ್ನ ನೋಡಿ ಸುಮ್ಮನಿರ್ತಾರ. ಅವ್ರು ನನ್ನ ನೋಡಿ ಸುಮ್ಮನಿರಬೇಕು.”

ಗೇಟಿನ ಕಡೆ ನಡೆದೆ. ಬೆನ್ನ ಹಿಂದೆ ಗದ್ದಲ ಮತ್ತೆ ಎದ್ದಿತು. ಆಮೇಲೆ ಅದು ಪೂರ್ತಿ ನಿಂತಿತು ಎಂದು ಬರೆಯಲು ಕೈ ಹೋಗುತ್ತಿದೆ. ನಿಂತಿರಲಿಲ್ಲ. ಗದ್ದಲದ ನಡುವೆಯೇ ಅವಳ ಧ್ವನಿ ಶನಿವಾರ ತಿದ್ದಿದ ಪತ್ರಿಕೆಗಳ ಹಾಜರಿ ನಂಬರುಗಳನ್ನು ಒಂದೊಂದಾಗಿ ಕೂಗುತ್ತಿತ್ತು, ಮತ್ತು ಒಬ್ಬೊಬ್ಬರೇ ಎದ್ದು ಹೋಗಿ ಅವಳ ಕೈಯಿಂದ ಪತ್ರಿಕೆ ತೆಗೆದುಕೊಳ್ಳುತ್ತಿದ್ದರು.